ಬಾಟಲಿಯೋ ಒಳಲೆಯೋ: ತಿಂಗಳು ತುಂಬದ ಮಗುವಿಗೆ ಹಾಲು ಕುಡಿಸಿ ಕಂಡದ್ದು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸ್ಟೀಲ್ ಒಳಲೆಗೆ. ಹಾಸನದ ಪಾತ್ರೆ ಅಂಗಡಿಯಲ್ಲಿ ನೂರು ರೂಪಾಯಿಯೊಳಗೆ ಸಿಕ್ಕಿದ ಕೊಕ್ಕಿನ ಪುಟ್ಟ ಬಟ್ಟಲು ಅದು. ಅದರ ಹತ್ತಾರು ಪಟ್ಟು ದುಡ್ಡು ಕೊಟ್ಟು ತರಿಸಿದ ಗ್ಯಾಸ್ ಆಗದ ಬಾಟಲಿ ಸೆಟ್ಟು, ಒತ್ತಿದರೆ ಹಾಲು ಬರುವ ಚಮಚದ ಬಾಟಲಿ, ತವರಿನಿಂದ ಬಂದ ಬೆಳ್ಳಿ ಒಳಲೆ ಎಲ್ಲವನ್ನೂ ಬಳಸಿ ನೋಡಿದ ಮೇಲೆ ಹೇಳುತ್ತಿರುವ ಮಾತಿದು.

ನನ್ನ ಮಗಳು 33 ವಾರಕ್ಕೇ ಹುಟ್ಟಿದಳು, ತೂಕ 1.7 ಕೆ.ಜಿ. ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರೂ ಹೊಂದಿಕೊಂಡು ನಡೆಯಲು ಶುರುವಾಗುವುದು ಸಾಮಾನ್ಯವಾಗಿ 34 ವಾರದ ಹೊತ್ತಿಗೆ. ಅದಕ್ಕೆ ಮುಂಚೆ ಬಂದ ಮಗುವನ್ನು ಎದೆಗೆ ಹಾಕಿಕೊಂಡರೆ ನಾಲ್ಕು ಸಲ ಚೀಪಿ ಸುಸ್ತಾಗಿ ನಿದ್ದೆಹೋಗುತ್ತದೆ. ಆಗ ಎದೆಹಾಲನ್ನೇ ಹಿಂಡಿ ತೆಗೆದು ಬೇರೆ ರೀತಿಯಲ್ಲಿ ಕುಡಿಸಬೇಕಾಗುತ್ತದೆ. ಕಡಿಮೆ ತೂಕದ ಮಕ್ಕಳಿಗೆ ಹೀಗೆ ಕುಡಿಸಬೇಕಾಗಿ ಬಂದರೆ ಕಪ್, ಒಳಲೆಯಂಥ ಕೊಕ್ಕಿನ ಬಟ್ಟಲು ಅಥವಾ ಚಮಚ ಬಳಸಿ ಎಂದೇ ವಿಶ್ವ ಆರೋಗ್ಯ ಸಂಸ್ಥೆಯ 2011ರ ಮಾರ್ಗಸೂಚಿ ಹೇಳುತ್ತದೆ. ತಿಂಗಳು ತುಂಬಿ ಹುಟ್ಟಿ, ಎದೆ ಚೆನ್ನಾಗಿ ಕಚ್ಚಿಕೊಂಡು ಕುಡಿಯುವ ಮಗು ನಿಮ್ಮದಾದರೆ, ನೀವು ಮನೆಯಲ್ಲೇ ಇರುವವರಾದರೆ ಇದರಲ್ಲಿ ಯಾವುದನ್ನೂ ಕೊಳ್ಳಬೇಡಿ.

ಬಾಟಲಿ ಸೆಟ್ಟು ಬಂದದ್ದು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ, ರಾತ್ರಿ ಹೊತ್ತು ಸುಲಭವಾಗಲಿ ಅಂತ. ಹಾಲಿನ ಜೊತೆ ಗಾಳಿ ಹೊಟ್ಟೆಗೆ ಹೋಗದಂತೆ ತಡೆಯುವ ಕವಾಟ ಇದರಲ್ಲಿದೆ ಎಂಬುದೇ ಅದರ ಹೆಚ್ಚುಗಾರಿಕೆ. ನನಗೆ ಬೇಸರ ಹಿಡಿಸಿದ್ದೂ ಆ ಕವಾಟವೇ.

ಅದೊಂದು ತೆಳ್ಳನೆಯ ಸಿಲಿಕೋನ್ ಬಿಲ್ಲೆ, ಹತ್ತು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು. ನಡುವೆ ಸಣ್ಣ ಸೀಳು, ಸುತ್ತ ಒಳಕ್ಕೆ ಮಡಚಿದ ಅಂಚು. ಆ ಮಡಿಕೆಯೊಳಗೆ ಹಾಲಿನ ಜಿಡ್ಡು ಕೂರುತ್ತದೆ. ಬಾಟಲಿಯ ಜೊತೆ ಕೊಟ್ಟ ಬ್ರಶ್ಶು ಅಲ್ಲಿಗೆ ಹೋಗುವುದಿಲ್ಲ. ಬೆರಳಿನಿಂದ ತಿಕ್ಕಿದರೆ ಹೋಯಿತು ಅನಿಸುತ್ತದೆ, ಒಣಗಿದ ಮೇಲೆ ಬೆಳಕಿಗೆ ಹಿಡಿದರೆ ಅಂಚಿನ ಉದ್ದಕ್ಕೂ ಹಳದಿ ಗೆರೆ ಹಾಗೇ ಇರುತ್ತದೆ. ಮೂಗಿನ ಹತ್ತಿರ ತಂದರೆ ಹುಳಿ ವಾಸನೆ. ಮಡಿಕೆಯನ್ನು ಪೂರ್ತಿ ಹೊರಕ್ಕೆ ತಿರುಗಿಸಿ, ಸೋಪಿನ ನೀರಲ್ಲಿ ನೆನೆಸಿ, ಮೆತ್ತಗಿನ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ, ತೊಳೆದು, ಆಮೇಲೆ ಹತ್ತು ನಿಮಿಷ ಕುದಿಸಿದರೆ ಮಾತ್ರ ಅದು ಚೊಕ್ಕಟವಾಗುತ್ತದೆ. ಜಿಡ್ಡು ಇದ್ದಹಾಗೇ ಕುದಿಸಿದರೆ ಅದು ಇನ್ನಷ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ.

ಇಷ್ಟು ಮಾಡಿ ಮತ್ತೆ ಜೋಡಿಸುವಾಗ ಬಿಲ್ಲೆ ಕೂದಲೆಳೆಯಷ್ಟು ಸರಿದು ಕೂತರೂ ತಳದಿಂದ ಹಾಲು ಸೋರುತ್ತದೆ. ಅರ್ಧ ಗಂಟೆ ಕೂತು ಹಿಂಡಿ ತೆಗೆದ ಹಾಲು ಹಾಸಿಗೆ ಪಾಲಾಗುವುದನ್ನು ನೋಡುವ ಸಂಕಟ ಬಾಣಂತಿಗೇ ಗೊತ್ತು. ಸೋರದಿರಲಿ ಅಂತ ಬಿಗಿಯಾಗಿ ತಿರುಗಿಸಿದರೆ ಗಾಳಿಯ ದಾರಿ ಕಟ್ಟಿ, ನಿಪ್ಪಲ್ ಒಳಕ್ಕೆ ಚಪ್ಪಟೆಯಾಗಿ ಅಂಟಿಕೊಂಡು ಹಾಲೇ ಬರುವುದಿಲ್ಲ. ಎರಡು ಗಂಟೆಗೊಮ್ಮೆ ಕುಡಿಯುವ ಮಗು. ಪ್ರತಿ ಸಲಕ್ಕೂ ನಿಪ್ಪಲ್, ಉಂಗುರ, ಕವಾಟ, ಅದರ ಕೆಳಗಿನ ತಟ್ಟೆ, ಬಾಟಲಿ, ಮುಚ್ಚಳ ಎಲ್ಲವೂ ಕುದಿಯಬೇಕು. ತಿಂಗಳು ತುಂಬದ ಮಗುವಿಗೆ ಸೋಂಕು ತಡೆಯುವ ಶಕ್ತಿ ಕಡಿಮೆ, ಒಮ್ಮೆ ಬೇದಿ ಹತ್ತಿತೆಂದರೆ ಗ್ರಾಂ ಗ್ರಾಂ ಆಗಿ ಏರಿಸಿದ ತೂಕ ಇಳಿದುಹೋಗುತ್ತದೆ. ಹಾಗಾಗಿ ಈ ಕೆಲಸದಲ್ಲಿ ‘ಪರವಾಗಿಲ್ಲ ಬಿಡು’ ಅನ್ನುವ ಹಾಗಿಲ್ಲ.

ಒಳಲೆಗೆ ಮೂಲೆಯೂ ಇಲ್ಲ, ಮಡಿಕೆಯೂ ಇಲ್ಲ. ತೆರೆದ ಬಟ್ಟಲು, ತೆರೆದ ಕೊಕ್ಕು. ಕೊಳೆ ಇದ್ದರೆ ಕಣ್ಣಿಗೆ ಕಾಣುತ್ತದೆ. ಸೋಪು ಹಾಕಿ ತಿಕ್ಕಿ, ಮುಚ್ಚಳವಿರುವ ಪಾತ್ರೆಯಲ್ಲಿ ಕುದಿಸಿ, ಅದೇ ಪಾತ್ರೆಯಲ್ಲಿ ಮುಚ್ಚಿಟ್ಟರೆ ಮುಗಿಯಿತು. ಎರಡು ಒಳಲೆ ಇಟ್ಟುಕೊಂಡರೆ ಒಂದು ಕುದಿಯುವಾಗ ಇನ್ನೊಂದು ಕೈಗಿರುತ್ತದೆ.

ಬಾಟಲಿಯ ಬಗ್ಗೆ ಇನ್ನೊಂದು ಮಾತು. ‘ಸ್ಲೋ ಫ್ಲೋ’ ಎಂದು ಬರೆದ ನಿಪ್ಪಲ್ ಕೂಡ ಬಾಟಲಿ ಮಗುಚಿದರೆ ತಾನೇ ತೊಟ್ಟಿಕ್ಕುತ್ತಿತ್ತು. ಎದೆಯಲ್ಲಿ ಹಾಗಲ್ಲ, ಬಾಯಿ ಅಗಲ ತೆರೆದು, ನಾಲಿಗೆ ಮುಂದೆ ತಂದು, ಒತ್ತಿ ಎಳೆದುಕೊಳ್ಳಬೇಕು. ಬಾಟಲಿ ಕೊಟ್ಟ ದಿನಗಳಲ್ಲಿ ಮಗಳು ಎದೆಗೆ ಹಾಕಿಕೊಂಡರೆ ತುದಿಯನ್ನಷ್ಟೇ ಕಚ್ಚಿ, ಹಾಲು ಕೂಡಲೇ ಬರಲಿಲ್ಲ ಅಂತ ಬೆನ್ನು ಬಿಲ್ಲು ಮಾಡಿ ಅಳುತ್ತಿದ್ದಳು. ಎಲ್ಲ ಮಕ್ಕಳೂ ಹೀಗೆ ಮಾಡುವುದಿಲ್ಲ. ಆದರೆ ಬೇಗ ಹುಟ್ಟಿದ ಮಕ್ಕಳ ಬಗೆಗಿನ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ, ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಶೋಧಕರ ಸಂಸ್ಥೆಯ ಅವಲೋಕನವೂ ಬಾಟಲಿ ತಪ್ಪಿಸಿದರೆ ಮುಂದೆ ಎದೆಹಾಲು ಮುಂದುವರಿಯುವ ಸಾಧ್ಯತೆ ಹೆಚ್ಚು ಎಂದಿದೆ. ನನಗೆ ಬೇಕಿದ್ದದ್ದು ಅದೇ, ಅವಳು ಕೊನೆಗೆ ಎದೆಗೆ ಬರಬೇಕು.

ನಮ್ಮ ದೇಶದಲ್ಲಿ ಹಾಲಿನ ಬಾಟಲಿಯ ಜಾಹೀರಾತನ್ನು 1992ರ ಕಾಯ್ದೆಯೇ ನಿಷೇಧಿಸಿದೆ, 2003ರ ತಿದ್ದುಪಡಿ ಅದನ್ನು ಇನ್ನೂ ಬಿಗಿ ಮಾಡಿತು. ಆದರೂ ಸೀಮಂತಕ್ಕೆ, ನಾಮಕರಣಕ್ಕೆ ಉಡುಗೊರೆಯಾಗಿ ಮನೆಮನೆಗೆ ಬಾಟಲಿಯೇ ಬರುತ್ತದೆ.

ಚಮಚದ ಬಾಟಲಿ ಬೇಡವೇ ಬೇಡ. ಒತ್ತುವುದು ನಾವು, ಮಗು ನುಂಗಿದೆಯೋ ಇಲ್ಲವೋ ಹಾಲಂತೂ ಒಳಗೆ ಹೋಗುತ್ತದೆ.

ಬೆಳ್ಳಿ ಒಳಲೆ ನೋಡಲು ಚೆಂದ. ಹಿಡಿಯ ಮೇಲೆ ನವಿಲಿನ ಕೆತ್ತನೆ, ಆ ಕೆತ್ತನೆಯ ಸಂದಿಯಲ್ಲಿ ಜಿಡ್ಡು. ಬೆಳ್ಳಿ ಮೆದು ಲೋಹ, ಕೆಳಗೆ ಬಿದ್ದು ಕೊಕ್ಕಿನ ತುದಿ ಸೊಟ್ಟಗಾದರೆ ಎಳೆ ತುಟಿಗೆ ತರಚುತ್ತದೆ. ಈಗ ದೇವರ ಮನೆಯಲ್ಲಿದೆ.

ಸ್ಟೀಲ್ ಒಳಲೆ ಕೊಂಡರಷ್ಟೇ ಸಾಲದು, ಹಿಡಿಯುವ ರೀತಿ ಕಲಿಯಬೇಕು. ಜೀವದ ವಿಷಯ ಇರುವುದು ಇಲ್ಲೇ. ನಮ್ಮ ಕಡೆ ಕಾಲು ಚಾಚಿ, ಮಗುವನ್ನು ಕಾಲ ಮೇಲೆ ಅಂಗಾತ ಮಲಗಿಸಿಕೊಂಡು ಒಳಲೆಯಿಂದ ಬಾಯಿಗೆ ಹುಯ್ಯುವುದು ರೂಢಿ. ಹರಳೆಣ್ಣೆ, ಬಜೆ ನೀರು ಎಲ್ಲ ಹಾಗೇ ಹೋಗುತ್ತಿತ್ತು. ಹಾಗೆ ಹುಯ್ದರೆ ಹಾಲು ನೆತ್ತಿಗೆ ಹತ್ತುತ್ತದೆ, ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾಗೂ ದಾರಿಯಾಗುತ್ತದೆ. ವಾರ್ಡಿನಲ್ಲಿ ಸಿಸ್ಟರ್ ನನ್ನ ಮಣಿಕಟ್ಟು ಹಿಡಿದೇ ಕಲಿಸಿದರು. “ಹುಯ್ಯಬೇಡಿ ಅಮ್ಮ, ತುಟಿಗೆ ತಾಗಿಸಿ ಹಿಡ್ಕೊಳ್ಳಿ. ಅವಳೇ ಎಳ್ಕೋತಾಳೆ.” ಮಗು ಎಚ್ಚರವಾಗಿರಬೇಕು. ತಲೆ, ಕತ್ತಿಗೆ ಆಸರೆ ಕೊಟ್ಟು ಹೆಚ್ಚುಕಡಿಮೆ ಕೂತಂತೆ ಹಿಡಿಯಬೇಕು. ಕೊಕ್ಕು ಕೆಳತುಟಿಯ ಮೇಲೆ, ಬಾಯಿಯ ಮೂಲೆ ಕಡೆ ಇರಬೇಕು. ಹಾಲು ತುಟಿಗೆ ತಾಗುವಷ್ಟು ಮಾತ್ರ ಬಾಗಿಸಿದರೆ ನಾಲಿಗೆ ಹೊರಗೆ ಬಂದು ನೆಕ್ಕುತ್ತದೆ. ನುಂಗಿದ್ದು ಕಂಡ ಮೇಲೆ ಮುಂದಿನ ಗುಟುಕು. ಬೆರಳು ಅಗಲಿಸಿದರೆ, ಹುಬ್ಬು ಗಂಟಿಕ್ಕಿದರೆ, ಮುಖ ತಿರುಗಿಸಿದರೆ ನಿಲ್ಲಿಸಬೇಕು. ಕೆಮ್ಮು ನಿಲ್ಲದಿದ್ದರೆ, ತುಟಿ ನೀಲಿಯಾದರೆ ತಡಮಾಡದೆ ಆಸ್ಪತ್ರೆಗೆ ಓಡಬೇಕು.

ಮನೆಗೆ ಬಂದಾಗ ಅತ್ತೆ, “ನಾವೆಲ್ಲ ಕಾಲ ಮೇಲೆ ಮಲಗಿಸ್ಕೊಂಡೇ ಕುಡಿಸಿದ್ವಲ್ಲವ್ವಾ” ಅಂದರು. ನಾನು ವಾದಕ್ಕೆ ಇಳಿಯಲಿಲ್ಲ. ಮಗುವನ್ನು ನೆಟ್ಟಗೆ ಹಿಡಿದು ಕುಡಿಸಿ ತೋರಿಸಿದೆ. ಆ ಪುಟ್ಟ ನಾಲಿಗೆ ಕೊಕ್ಕನ್ನು ಹುಡುಕಿಕೊಂಡು ಬರುವುದನ್ನು ಕಂಡ ಮೇಲೆ ಅವರೇ ಕೈಗೆ ತೆಗೆದುಕೊಂಡರು. ಈಗ ನನಗಿಂತ ನಿಧಾನವಾಗಿ, ನನಗಿಂತ ಚೆನ್ನಾಗಿ ಕುಡಿಸುತ್ತಾರೆ.

ಒಳಲೆಯ ತೊಂದರೆಗಳೂ ಇವೆ. ಹಾಲು ಚೆಲ್ಲುತ್ತದೆ. ಗಲ್ಲದಿಂದ ಇಳಿದು ಕತ್ತಿನ ಮಡಿಕೆಯಲ್ಲಿ ನಿಂತರೆ ಚರ್ಮ ಕೆಂಪಾಗುತ್ತದೆ, ಹಳೆಯ ಪಂಚೆಯ ಮೆತ್ತನೆ ತುಂಡು ಗಲ್ಲದ ಕೆಳಗೆ ಸಿಕ್ಕಿಸಿ, ಆಮೇಲೆ ಒದ್ದೆಬಟ್ಟೆಯಲ್ಲಿ ಒರೆಸಿ ಒಣಗಿಸಬೇಕು. ಅಳತೆಯ ಗೆರೆ ಇಲ್ಲ. ತೂಕ ನೋಡಿ ಡಾಕ್ಟರು ಇಷ್ಟು ಮಿ.ಲೀ. ಎಂದು ಬರೆದುಕೊಟ್ಟಿರುತ್ತಾರೆ, ಅದನ್ನು ಸೂಜಿಯಿಲ್ಲದ 10 ಮಿ.ಲೀ. ಸಿರಿಂಜಿನಲ್ಲಿ ಅಳೆದು ಒಳಲೆಗೆ ಬಿಡುತ್ತಿದ್ದೆ. ಚೆಲ್ಲಿದ್ದನ್ನು ಲೆಕ್ಕದಿಂದ ಕಳೆಯಬೇಕು. ಹೊತ್ತೂ ಹಿಡಿಯುತ್ತದೆ, ಮೊದಮೊದಲು ಒಂದು ಸಲ ಕುಡಿಸಲು ಅರ್ಧ ಗಂಟೆ.

ಬ್ಯಾಂಕಿನ ಕೆಲಸಕ್ಕೆ ಮರಳಿದಾಗ ಬಾಟಲಿಗೆ ಮತ್ತೆ ಸೋಲಬೇಕಾಗುತ್ತದೇನೋ ಎಂಬ ಭಯವಿತ್ತು. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರಕ್ಕೆ ಏರಿತ್ತು. ಆ ಹೊತ್ತಿಗೆ ಮಗಳು ಎದೆಗೆ ಚೆನ್ನಾಗಿ ಬಂದಿದ್ದಳು, ಹಗಲಿಗೆ ಮಾತ್ರ ಹಿಂಡಿಟ್ಟ ಹಾಲು. ಒಳಲೆ ಕಲಿತ ಬಾಯಿಗೆ ಪುಟ್ಟ ಸ್ಟೀಲ್ ಲೋಟ ಹೊಸದೆನಿಸಲೇ ಇಲ್ಲ. ಹಿಂಡಿದ ಹಾಲು 25 ಡಿಗ್ರಿಯೊಳಗಿನ ಕೋಣೆಯಲ್ಲಿ 4 ಗಂಟೆ, ಫ್ರಿಜ್ಜಿನಲ್ಲಿ 4 ದಿನ ಇರುತ್ತದೆ. ಬಾಗಿಲಿನಲ್ಲಿ ಇಡದೆ ಒಳಗೆ ಹಿಂದಕ್ಕೆ ಇಡಬೇಕು. ಬಳ್ಳಾರಿ, ಕಲಬುರಗಿಯ ಬೇಸಿಗೆಯಲ್ಲಿ ಹೊರಗಿಡುವ ಮಾತೇ ಬೇಡ. ಬಿಸಿ ಮಾಡಲು ಬಿಸಿನೀರಿನ ಬಟ್ಟಲಲ್ಲಿ ಡಬ್ಬಿ ಇಟ್ಟರೆ ಸಾಕು, ಒಲೆ ಮೇಲೆ ಕಾಯಿಸಬಾರದು. ಕುಡಿದು ಮಿಕ್ಕಿದ್ದನ್ನು ಎತ್ತಿಡಬಾರದು.

ಬಾಟಲಿ ಯಾರಿಗೆ ಸರಿ? ಬೆಂಗಳೂರಿನಲ್ಲಿ ಒಬ್ಬಳೇ ಅವಳಿ ಮಕ್ಕಳನ್ನು ನೋಡಿಕೊಳ್ಳುವ ನನ್ನ ಚಿಕ್ಕಮ್ಮನ ಮಗಳಿಗೆ ಅರ್ಧ ಗಂಟೆ ಒಳಲೆ ಹಿಡಿದು ಕೂರು ಅಂತ ನಾನು ಹೇಳಲಾರೆ. ಅಂಥವರು ಕವಾಟ, ಕೊಳವೆ ಏನೂ ಇಲ್ಲದ, ಅಗಲ ಬಾಯಿಯ ಸಾದಾ ಬಾಟಲಿ ಕೊಳ್ಳಲಿ. ಬಾಟಲಿಯನ್ನು ದಿಂಬಿಗೆ ಒರಗಿಸಿಟ್ಟು ಎದ್ದುಹೋಗುವುದು ಮಾತ್ರ ಯಾವ ಮನೆಯಲ್ಲೂ ಬೇಡ. ನನ್ನ ಮನೆಯಲ್ಲಿ ಅತ್ತೆ ಇದ್ದಾರೆ, ಕೂರಲು ಪುರುಸೊತ್ತಿದೆ, ಸಾವಿರಾರು ರೂಪಾಯಿ ಮತ್ತೆ ಸುರಿಯಲು ಮನಸ್ಸಿಲ್ಲ. ಲೆಕ್ಕ ಒಳಲೆಯ ಕಡೆಗೇ ವಾಲುತ್ತದೆ.

ಕೊಳ್ಳುವಾಗ ಕೆತ್ತನೆ ಇಲ್ಲದ್ದು, ಜೋಡಣೆ ಇಲ್ಲದೆ ಒಂದೇ ತಗಡಿನಲ್ಲಿ ಮಾಡಿದ್ದು ಕೇಳಿ. ಅಂಗಡಿಯಲ್ಲೇ ಕೊಕ್ಕಿನ ಅಂಚಿನ ಮೇಲೆ ಬೆರಳಾಡಿಸಿ ನೋಡಿ, ಚೂರು ತರಿ ಸಿಕ್ಕರೂ ಬೇರೆಯದು ತೆಗೆಸಿ.