ಸಾಟಿನ್‌ಗೆ ಪೂರ್ತಿ ಅಂಕ, ಅಂಚಿಗೆ ಇಲ್ಲ: ಚಿಕ್ಕಪೇಟೆ ಕಡೆಯ ಒಂದು ಫ್ರೇಮ್ ಅಂಗಡಿ

ಮಲ್ಲೇಶ್ವರದಲ್ಲಿ ನನ್ನದು ಬ್ಲೌಸ್ ಹೊಲಿಯುವ ಅಂಗಡಿ. ಟ್ರಯಲ್ ರೂಮಿನ ಪಕ್ಕದ ಗೋಡೆಗೆ ಫ್ರೆಂಚ್ ಚಿತ್ರಕಾರ ಆಂಗ್ರ್ ಬರೆದ 'ಪ್ರಿನ್ಸೆಸ್ ದ ಬ್ರೋಯ್' ಬೇಕಿತ್ತು, ನೀಲಿ ಸಾಟಿನ್ ಗೌನ್ ತೊಟ್ಟ ಹೆಣ್ಣುಮಗಳ ಚಿತ್ರ. ನ್ಯೂಯಾರ್ಕಿನ ಮೆಟ್ ಮ್ಯೂಸಿಯಂ 2017ರಿಂದ ಇಂಥ ಹಳೇ ಚಿತ್ರಗಳ ದೊಡ್ಡ ಫೈಲ್‌ಗಳನ್ನು ಪುಕ್ಕಟೆ ಕೊಡುತ್ತದೆ. ಪೆನ್‌ಡ್ರೈವ್‌ಗೆ ಹಾಕಿಕೊಂಡು ಚಿಕ್ಕಪೇಟೆ ಕಡೆಯ ಈ ಫ್ರೇಮ್ ಅಂಗಡಿಗೆ ಹೋಗಿ ಕ್ಯಾನ್ವಾಸ್ ಪ್ರಿಂಟ್ ಮಾಡಿಸಿದೆ.

1851ರಿಂದ 1853ರವರೆಗೆ ಬರೆದ ಚಿತ್ರ. ಭಾವನೆಗೆ, ಬಣ್ಣಕ್ಕೆ ಒತ್ತು ಕೊಟ್ಟ ರೊಮ್ಯಾಂಟಿಕ್ ಚಿತ್ರಕಾರರ ಕಾಲದ ಕೊನೆ ಅನ್ನಿ. ಆಂಗ್ರ್ ಮಾತ್ರ ಆ ಗುಂಪಿಗೆ ಸೇರಿದವನಲ್ಲ. ಅವನಿಗೆ ಬಣ್ಣಕ್ಕಿಂತ ಗೆರೆ ಮುಖ್ಯ. ಆದರೂ ಆ ನೀಲಿ ಸಾಟಿನ್ ನೋಡಬೇಕು! ಒಂದೊಂದು ಮಡಿಕೆಯಲ್ಲೂ ಬೆಳಕು ಎಲ್ಲಿ ನಿಂತಿದೆ, ಎಲ್ಲಿ ಜಾರಿದೆ ಅಂತ ಗೊತ್ತಾಗುತ್ತದೆ. ತೋಳಿನ ತುದಿಗೆ ಲೇಸು, ಕುರ್ಚಿಯ ಮೇಲೆ ಚಿನ್ನದ ಕಸೂತಿಯ ಶಾಲು. ಬಟ್ಟೆ ಹೊಲಿಯುವವರು ಸುಮ್ನೆ ದಾಟಿ ಹೋಗುವ ಚಿತ್ರ ಅಲ್ಲ.

ಅಂಗಡಿಯ ಹುಡುಗ ಮೊದಲು ಗ್ಲಾಸಿ, ಅಂದರೆ ಹೊಳೆಯುವ ಕ್ಯಾನ್ವಾಸ್ ಹಾಕಿಸಿ ಅಂದ. "ಎಲ್ಲರೂ ಅದನ್ನೇ ಕೇಳ್ತಾರೆ ಅಕ್ಕ." ಬೇಡ ಅಂದೆ. ಸಾಟಿನ್‌ಗೆ ಅದರದೇ ಹೊಳಪಿದೆ, ಮೇಲೆ ಟ್ಯೂಬ್‌ಲೈಟ್ ಬಿದ್ದರೆ ಮಡಿಕೆಯೇ ಕಾಣುವುದಿಲ್ಲ. ಸರಿ ಅಂತ ಮ್ಯಾಟ್ ಕ್ಯಾನ್ವಾಸಿನ ತುಂಡಿನಲ್ಲಿ ತೋಳಿನ ಭಾಗ ಮಾತ್ರ ತೆಗೆದು ತೋರಿಸಿದ. ನೀಲಿ ನೇರಳೆಗೆ ತಿರುಗಿತ್ತು. ಬೇಜಾರಿಲ್ಲದೆ ಕಂಪ್ಯೂಟರಿನಲ್ಲಿ ಕೆಂಪು ಇಳಿಸಿ ಮತ್ತೆ ತೆಗೆದ. ಈ ತಾಳ್ಮೆ ನನಗೆ ತುಂಬಾ ಹಿಡಿಸಿತು. ಬಣ್ಣದ ಮಟ್ಟಿಗೆ ಇವರನ್ನು ಕಣ್ಣು ಮುಚ್ಚಿ ನಂಬಬಹುದು.

ಎಡವಟ್ಟಾಗಿದ್ದು ಫ್ರೇಮಿಗೆ ಎಳೆದು ಕಟ್ಟುವಾಗ. ಕ್ಯಾನ್ವಾಸ್ ಮಡಚಲು ಸುತ್ತಲೂ ಖಾಲಿ ಜಾಗ ಬಿಡಬೇಕು ಅಲ್ವಾ? ಬಿಟ್ಟಿರಲಿಲ್ಲ. ಬಲಗಡೆ ಮೇಲಿನ ಮೂಲೆಯಲ್ಲಿದ್ದ ವಂಶದ ಲಾಂಛನ ಅರ್ಧ ಪಕ್ಕಕ್ಕೆ ಹೋಗಿ ಕೂತಿತ್ತು. ಮಾಲೀಕರು "ಅದೇನು ಮೇಡಂ, ಮುಖ ಚೆನ್ನಾಗಿ ಬಂದಿದೆಯಲ್ಲ" ಅಂದರು. ದೊಡ್ಡ ಕುಲೀನ ಮನೆತನದ ಹೆಣ್ಣುಮಗಳ ಚಿತ್ರದಲ್ಲಿ ಮನೆತನದ ಗುರುತೇ ಇಲ್ಲದಿದ್ದರೆ ಹೇಗೆ? ವಾದ ಮಾಡಿದ ಮೇಲೆ ಹೊಸದು ಮಾಡಿಕೊಟ್ಟರು, ಆದರೆ ಕ್ಯಾನ್ವಾಸಿನ ಅರ್ಧ ದುಡ್ಡು ವಸೂಲಿ ಮಾಡಿದರು. ಅದು ನ್ಯಾಯ ಅಲ್ಲ.

ಮೂಲ ಚಿತ್ರ ಸುಮಾರು ನಾಲ್ಕಡಿ ಎತ್ತರ, ಮೂರಡಿ ಅಗಲ. ನಾನು ಎರಡಡಿ ಎತ್ತರ, ಒಂದೂವರೆ ಅಡಿ ಅಗಲಕ್ಕೆ ಮಾಡಿಸಿದ್ದು, ಅಳತೆ ಸರಿಯಾಗಿ ಕೂತಿದೆ. ಚಿನ್ನದ ಬಣ್ಣದ ಫೈಬರ್ ಬೀಡಿಂಗ್ (ಫ್ರೇಮಿನ ಪಟ್ಟಿ) ಜಾಸ್ತಿ ಮಿಂಚುತ್ತದೆ, ತೇಗದ್ದೇ ಕೇಳಿ. ಆರ್ಡರ್ ಕೊಡುವಾಗಲೇ "ಮಡಚಲು ಎರಡಿಂಚು ಬೇರೆ ಬಿಡಿ" ಅಂತ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಕಾರು ತರಬೇಡಿ, ನಿಲ್ಲಿಸಲು ಜಾಗ ಇಲ್ಲ, ಮೆಟ್ರೋದಲ್ಲಿ ಬನ್ನಿ. ಭಾನುವಾರ ರಜಾ.