ಸಣ್ಣ ಕಾರ್ಯಕ್ರಮಕ್ಕೆ ಬೇಸ್ ಆಂಪ್: ರಂಬಲ್ 40, 100, 500ರಲ್ಲಿ ಯಾವುದು ಯಾರಿಗೆ?

ಐವತ್ತು ಅರವತ್ತು ಜನ ಕೂರುವ ಕೆಫೆ, ಟೆರೇಸಿನ ಮೇಲಿನ ಹುಟ್ಟುಹಬ್ಬ, ಸುಗಮ ಸಂಗೀತದ ಚಿಕ್ಕ ಸಭಾಂಗಣ. ಇಂಥ ಕಡೆ ಮಿಕ್ಕ ವಾದ್ಯಗಳೆಲ್ಲ ಬ್ಯಾಗಿನಲ್ಲಿ ಬಂದುಬಿಡುತ್ತವೆ, ಬೇಸ್ ಗಿಟಾರಿಗೆ ಮಾತ್ರ ದನಿ ಹೆಚ್ಚಿಸುವ ದೊಡ್ಡ ಪೆಟ್ಟಿಗೆ, ಅಂದರೆ ಆಂಪ್ ಬೇಕು. ಆ ಪೆಟ್ಟಿಗೆ ಸ್ಕೂಟರಿನಲ್ಲಿ ಕಾಲಿಡುವ ಜಾಗದಲ್ಲಿ ಕೂರಬೇಕು, ಲಿಫ್ಟ್ ಇಲ್ಲದ ಮೂರನೇ ಮಹಡಿಗೆ ಒಬ್ಬರೇ ಹೊರುವಂತಿರಬೇಕು, ಡ್ರಮ್ಸ್ ಪಕ್ಕದಲ್ಲಿಟ್ಟರೂ ಕೇಳಿಸಬೇಕು. ಹೀಗೆ ಕೇಳಿಕೊಂಡು ಅಂಗಡಿಗೆ ಹೋದವರ ಮುಂದೆ ಹೆಚ್ಚಾಗಿ ಬರುವುದು ಫೆಂಡರ್ ಕಂಪನಿಯ ರಂಬಲ್ ಸಾಲು. ಅದರಲ್ಲಿ ಸಣ್ಣ ಕಾರ್ಯಕ್ರಮಕ್ಕೆ ಲೆಕ್ಕಕ್ಕೆ ಬರುವವು ಮೂರು: 10 ಇಂಚಿನ ಒಂದು ಸ್ಪೀಕರಿನ ರಂಬಲ್ 40, 12 ಇಂಚಿನ ಒಂದು ಸ್ಪೀಕರಿನ ರಂಬಲ್ 100, 10 ಇಂಚಿನ ಎರಡು ಸ್ಪೀಕರುಗಳಿರುವ ರಂಬಲ್ 500. ತೂಕ ಸುಮಾರು 8, 10 ಮತ್ತು 16.5 ಕೆಜಿ.

ತೀರ್ಪು ಮೊದಲೇ ಹೇಳಿಬಿಡೋಣ. ತಂಡದಲ್ಲಿ ಡ್ರಮ್ಸ್ ಇಲ್ಲ, ಕಹೋನ್ (ಮೇಲೆ ಕೂತು ಕೈಯಿಂದ ಬಾರಿಸುವ ಮರದ ಪೆಟ್ಟಿಗೆ) ಅಥವಾ ತಬಲಾ ಇದೆ ಅಂದರೆ 40 ಸಾಕು. ಡ್ರಮ್ಸ್ ಇದ್ದು, ಬೇಸನ್ನು ಸಭೆಗೆ ಮುಟ್ಟಿಸುವ ಕೆಲಸ ನಿಮ್ಮ ಆಂಪಿನದೇ ಆದರೆ ನೇರವಾಗಿ 500 ಕೊಳ್ಳಿ. ನಡುವಿನ 100 ಒಳ್ಳೆಯ ಆಂಪೇ, ಆದರೆ ಬಹಳ ಜನ ಅದನ್ನು ತಪ್ಪು ಕೆಲಸಕ್ಕೆ ಕೊಳ್ಳುತ್ತಾರೆ.

ಆ ತಪ್ಪಿಗೆ ಕಾರಣ ವ್ಯಾಟ್ ಲೆಕ್ಕ. 40ರಿಂದ 100ಕ್ಕೆ ಹೋದರೆ ಎರಡೂವರೆ ಪಟ್ಟು ಜೋರಾಗುತ್ತದೆ ಅಂತ ಅನ್ನಿಸುತ್ತದೆ. ನಿಜವಾಗಿ ಸಿಗುವುದು 4 ಡೆಸಿಬೆಲ್. ಕಿವಿಗೆ 'ಎರಡು ಪಟ್ಟು ಜೋರು' ಅನ್ನಿಸಲು ಸುಮಾರು 10 ಡೆಸಿಬೆಲ್ ಬೇಕು, ಅಂದರೆ ಹತ್ತು ಪಟ್ಟು ವ್ಯಾಟ್. ಹಾಗಾಗಿ ಬೇಸ್ ಆಂಪಿನಲ್ಲಿ ಮೊದಲು ನೋಡಬೇಕಾದದ್ದು ಗಾಳಿಯನ್ನು ತಳ್ಳುವ ಕೋನಿನ ವಿಸ್ತಾರ. 10 ಇಂಚಿನ ಸ್ಪೀಕರಿನಲ್ಲಿ ಕೆಲಸ ಮಾಡುವ ಭಾಗ ಸುಮಾರು 340 ಚದರ ಸೆಂಟಿಮೀಟರ್, 12 ಇಂಚಿನದರಲ್ಲಿ ಸುಮಾರು 530. 10 ಇಂಚಿನವು ಎರಡು ಸೇರಿದರೆ 680. ರಂಬಲ್ 500 ಗೆಲ್ಲುವುದು ಇಲ್ಲೇ.

ಕೆಳಗಿನ ಸ್ವರಗಳಿಗೆ ಇದು ಯಾಕಿಷ್ಟು ಮುಖ್ಯ? ಬೇಸಿನ ಅತಿ ಕೆಳಗಿನ ಸ್ವರದ ಇ ತಂತಿಯನ್ನು ಬೆರಳೊತ್ತದೆ ಮೀಟಿದರೆ ಅದರ ಕಂಪನ 41 ಹರ್ಟ್ಸ್. ಅಷ್ಟೇ ಜೋರಿನಲ್ಲಿ ಒಂದು ಸ್ಥಾಯಿ ಕೆಳಗಿಳಿದರೆ ಕೋನ್ ನಾಲ್ಕು ಪಟ್ಟು ಹೆಚ್ಚು ಮುಂದೆ ಹಿಂದೆ ಓಡಾಡಬೇಕು. ಸಣ್ಣ ಸ್ಪೀಕರಿಗೆ ಅಷ್ಟು ಓಡಾಡಲು ಜಾಗವಿರುವುದಿಲ್ಲ. ಸ್ಪೀಕರ್ ತಯಾರಕರ ನಡುವೆ ಇದಕ್ಕೆ 'ಹಾಫ್‌ಮನ್ನನ ಕಬ್ಬಿಣದ ನಿಯಮ' ಅಂತಲೇ ಹೆಸರಿದೆ: ಪುಟ್ಟ ಪೆಟ್ಟಿಗೆ, ಆಳದ ದನಿ, ಕಡಿಮೆ ವ್ಯಾಟಿಗೆ ಹೆಚ್ಚು ಜೋರು, ಈ ಮೂರರಲ್ಲಿ ಎರಡನ್ನಷ್ಟೇ ಆರಿಸಿಕೊಳ್ಳಬಹುದು. ಕೆಎಲ್‌ಎಚ್ ಸ್ಪೀಕರ್ ಕಂಪನಿಯ ಹೆಸರಿನ ಕೊನೆಯ ಅಕ್ಷರ ಈ ಹಾಫ್‌ಮನ್ನರದೇ. ಹೊರಲು ಹಗುರವಾದ ಬೇಸ್ ಆಂಪ್ ಬೇಕೆಂಬ ಆಸೆಯೂ ಹೊಸದಲ್ಲ. 1960ರಲ್ಲಿ ಬಂದ ಆಂಪೆಗ್ ಪೋರ್ಟಾಫ್ಲೆಕ್ಸ್‌ನಲ್ಲಿ ಆಂಪನ್ನು ತಲೆಕೆಳಗು ಮಾಡಿ ಪೆಟ್ಟಿಗೆಯೊಳಗೇ ಮುಚ್ಚಿಡಬಹುದಿತ್ತು. 15 ಇಂಚಿನ ಸ್ಪೀಕರ್, 25 ವ್ಯಾಟ್. ಸ್ಟುಡಿಯೋಗಳಲ್ಲಿ ಇವತ್ತಿಗೂ ಅದನ್ನು ಪ್ರೀತಿಯಿಂದ ಇಟ್ಟುಕೊಳ್ಳುತ್ತಾರೆ.

ರಂಬಲ್ 40ರ ಮಿತಿ ಎಲ್ಲಿದೆ ಅಂತ ಅಂಗಡಿಯಲ್ಲೇ ಪತ್ತೆ ಮಾಡಬಹುದು. ನಿಮ್ಮದೇ ಬೇಸ್ ಒಯ್ಯಿರಿ. ನಾಲ್ಕೂ ಟೋನ್ ನಾಬ್‌ಗಳನ್ನು ನಡುವಿಗೆ ತನ್ನಿ. ಬ್ರೈಟ್, ಕಾಂಟೂರ್, ವಿಂಟೇಜ್, ಓವರ್‌ಡ್ರೈವ್ ಎಲ್ಲ ಆಫ್ ಇರಲಿ. ಇ ತಂತಿಯ ಮೊದಲ ಫ್ರೆಟ್‌ನಲ್ಲಿ ಎಫ್ ಸ್ವರವನ್ನು ಒಂದೇ ಬಲದಿಂದ ಮತ್ತೆ ಮತ್ತೆ ಮೀಟುತ್ತಾ ಮಾಸ್ಟರ್ ನಾಬ್ ಏರಿಸಿ. ಒಂದು ಹಂತದವರೆಗೆ ದನಿ ದುಂಡಗೆ ಬೆಳೆಯುತ್ತದೆ. ಅದು ದಾಟಿದ ಮೇಲೆ ಮೀಟಿನ ಮೊದಲ ಏಟಿನಲ್ಲಿ 'ಭರ್ರ್' ಎಂಬ ಹರಕು ಶಬ್ದ ಬರುತ್ತದೆ, ಸ್ವರದ ಬಾಲ ಮಾತ್ರ ಚೊಕ್ಕವಾಗಿ ಉಳಿಯುತ್ತದೆ. ಕೋನ್ ತನ್ನ ತುದಿ ಮುಟ್ಟಿತು ಅಂತ ಅರ್ಥ. ಬೇಸ್ ನಾಬನ್ನು ಸ್ವಲ್ಪ ಇಳಿಸಿದರೆ ಅದೇ ಜೋರಿನಲ್ಲಿ ಹರಕು ಮಾಯವಾಗುತ್ತದೆ. 40ನ್ನು ಕಾರ್ಯಕ್ರಮಕ್ಕೆ ಬಳಸುವವರು ಈ ಬೇಸ್ ನಾಬನ್ನು ನಡುವಿನಿಂದ ಕೆಳಗೇ ಇಟ್ಟುಕೊಳ್ಳಬೇಕು. ಅದರಿಂದ ದನಿ ಬಡವಾಗುತ್ತದೆ ಅಂತ ಹೆದರಬೇಡಿ. ಇ ತಂತಿಯ 82 ಮತ್ತು 123 ಹರ್ಟ್ಸ್‌ನ ಮೇಲ್ಕಂಪನಗಳು ಚೆನ್ನಾಗಿ ಕೇಳಿದರೆ ಕೆಳಗಿನ 41ನ್ನು ಕಿವಿ ತಾನೇ ತುಂಬಿಕೊಳ್ಳುತ್ತದೆ.

ಅದೇ ಪರೀಕ್ಷೆಯ ಮುಂದುವರಿಕೆಯಾಗಿ ಇ ತಂತಿಯಿಂದ ಜಿ ತಂತಿಯವರೆಗೆ ಒಂದೊಂದೇ ಫ್ರೆಟ್ ನುಡಿಸಿ. ಯಾವುದಾದರೂ ಒಂದು ಸ್ವರಕ್ಕೆ ಮಾತ್ರ ಕಿಟಕಿಟ ಅಂದರೆ ಹಿಡಿ, ಜಾಲರಿ ಅಥವಾ ಸ್ಕ್ರೂ ಸಡಿಲವಿದೆ. ಕೈಯಿಂದ ಜಾಲರಿಯನ್ನು ಒತ್ತಿ ಹಿಡಿದಾಗ ಶಬ್ದ ನಿಂತರೆ ಅದು ಐದು ನಿಮಿಷದ ರಿಪೇರಿ. ನಿಲ್ಲದಿದ್ದರೆ ಬೇರೆ ಪೀಸ್ ಕೇಳಿ. ಆಮೇಲೆ ಉದ್ದದ ಕೇಬಲ್ ಹಾಕಿಕೊಂಡು ಐದು ಮೀಟರ್ ದೂರ ನಿಂತು ನುಡಿಸಿ, ಯಾಕೆಂದರೆ ಆಂಪಿನ ಮುಂದೆ ಕೂತವರಿಗೆ ಕೇಳುವ ದನಿಯೇ ಬೇರೆ, ಸಭೆಗೆ ಕೇಳುವುದೇ ಬೇರೆ.

ಕಾಂಟೂರ್ ಬಟನ್ ಬಗ್ಗೆ ಒಂದು ಮಾತು. ಅದು ನಡುವಿನ ಕಂಪನಗಳನ್ನು ತಗ್ಗಿಸಿ ಮೇಲು ಕೆಳಗನ್ನು ಎತ್ತುತ್ತದೆ. ಕೋಣೆಯಲ್ಲಿ ಒಬ್ಬರೇ ನುಡಿಸುವಾಗ ಸೊಗಸು. ತಂಡದ ಜೊತೆ ಕೂತರೆ ಬೇಸ್ ಕಾಣೆಯಾಗುತ್ತದೆ, ಯಾಕೆಂದರೆ ಸ್ವರ ಯಾವುದು ಅಂತ ಕಿವಿಗೆ ಗುರುತು ಹತ್ತುವುದೇ ಆ ನಡುವಿನ ಭಾಗದಿಂದ. ವೇದಿಕೆಯಲ್ಲಿ ಕಾಂಟೂರ್ ಬೇಡ, ಲೋ-ಮಿಡ್ ನಾಬ್ ಒಂದು ಚೂರು ಮೇಲಿರಲಿ.

ರಂಬಲ್ 100 ಯಾರಿಗೆ? ಜಾಗದ ಸೌಂಡ್ ಸಿಸ್ಟಮ್ಮಿನಲ್ಲಿ ಸಬ್-ವೂಫರ್ (ಆಳದ ದನಿಗೇ ಮೀಸಲಾದ ಸ್ಪೀಕರ್) ಇದ್ದು ಬೇಸ್ ಅದರ ಮೂಲಕವೇ ಸಭೆಗೆ ಹೋಗುವಾಗ, ನುಡಿಸುವವರಿಗೂ ಡ್ರಮ್ಮರಿಗೂ ಕೇಳಿಸುವಷ್ಟು ಆಂಪ್ ಬೇಕಾದವರಿಗೆ. 10 ಕೆಜಿಯನ್ನು ಒಂದೇ ಕೈಯಲ್ಲಿ ಹಿಡಿದು ಬೆನ್ನಿಗೆ ಬೇಸ್ ಹಾಕಿಕೊಂಡು ಮೆಟ್ಟಿಲು ಹತ್ತಬಹುದು. ಆದರೆ ಸೌಂಡ್ ಸಿಸ್ಟಮ್ಮಿನ ನೆರವಿಲ್ಲದೆ ಡ್ರಮ್ಸ್ ಎದುರು ನಿಂತರೆ ಅರ್ಧ ಹಾಡಿನಲ್ಲೇ ಉಸಿರು ಕಟ್ಟುತ್ತದೆ.

ರಂಬಲ್ 500ರ 16.5 ಕೆಜಿ ಹಗುರವೇನಲ್ಲ, ಸ್ಕೂಟರಿಗೆ ಹೇಳಿದ್ದೂ ಅಲ್ಲ, ಆಟೋ ಬೇಕು. ಅಷ್ಟು ಗಾತ್ರಕ್ಕೆ ಅಷ್ಟು ದನಿ ಕೊಡುವ ಪೆಟ್ಟಿಗೆಗಳು ಹಿಂದೆ ಇದರ ಎರಡರಷ್ಟು ತೂಗುತ್ತಿದ್ದವು ಅನ್ನುವುದನ್ನು ನೆನೆದರೆ ಇದು ದೊಡ್ಡ ನೆಮ್ಮದಿ. ಒಳಗಿನ ಸ್ಪೀಕರುಗಳಿಗೆ (ಅವೆರಡೂ ಸೇರಿ 8 ಓಮ್) ಮಾತ್ರ ಅದು ಕೊಡುವುದು 350 ವ್ಯಾಟ್. ಹೊರಗೆ 8 ಓಮ್‌ನ ಇನ್ನೊಂದು ಸ್ಪೀಕರ್ ಬಾಕ್ಸ್ ಜೋಡಿಸಿದಾಗ ಒಟ್ಟು 4 ಓಮ್ ಆಗಿ 500 ವ್ಯಾಟ್ ಹೊರಡುತ್ತದೆ. 4 ಓಮ್‌ನ ಬಾಕ್ಸ್ ಜೋಡಿಸಬಾರದು, ಒಟ್ಟು ಲೋಡ್ 3 ಓಮ್‌ಗಿಂತ ಕೆಳಗೆ ಬಿದ್ದು ಆಂಪ್ ಕೈಕೊಡುತ್ತದೆ. ಜೋಡಿಸುವ ತಂತಿ ಸ್ಪೀಕರ್ ಕೇಬಲ್ಲೇ ಆಗಿರಬೇಕು. ಗಿಟಾರಿನ ಕೇಬಲ್ ಒಳಗೆ ಕೂದಲೆಳೆಯಷ್ಟು ತಾಮ್ರವಿರುತ್ತದೆ, ಅಷ್ಟು ವಿದ್ಯುತ್ ಹರಿದರೆ ಬಿಸಿಯಾಗಿ ಒಳಗೇ ಕರಗಿ ಶಾರ್ಟ್ ಆಗುತ್ತದೆ. ಇನ್ನೊಂದು ಸಣ್ಣ ವಿಷಯ: 500ರಲ್ಲಿ ಮೇಲಿನ ಕಂಪನಗಳಿಗೆ ಬೇರೆ ಹಾರ್ನ್ ಇದೆ, ಅದನ್ನು ಆಫ್ ಮಾಡಲು ಸ್ವಿಚ್ ಇದೆ. ಸದ್ದಿಲ್ಲದ ಸಭೆಯಲ್ಲಿ 'ಸ್' ಅನ್ನುವ ಹಿಸ್ ಕೇಳಿಸಿದರೆ ಆಫ್ ಮಾಡಿ.

ಯಾವ ಆಂಪ್ ಕೊಂಡರೂ ಅರ್ಧ ಕೆಲಸ ಜಾಗದ್ದು. ಕೆಫೆಯ ಎರಡು ಗೋಡೆಗಳ ನಡುವೆ 4 ಮೀಟರ್ ಅಂತರವಿದ್ದರೆ ಆ ಕೋಣೆ ತಾನಾಗಿ ಸುಮಾರು 43 ಹರ್ಟ್ಸ್‌ಗೆ ಅನುರಣಿಸುತ್ತದೆ. ಮೊದಲ ಫ್ರೆಟ್‌ನ ಎಫ್ ಇರುವುದೂ ಅಲ್ಲೇ, 43.7. ಅದಕ್ಕೇ ಮಿಕ್ಕ ಸ್ವರಗಳೆಲ್ಲ ಸಮವಾಗಿದ್ದು ಎಫ್ ಬಂದಾಗ ಮಾತ್ರ ಕೋಣೆ ಗುಂಯ್ ಅನ್ನುತ್ತದೆ, ಕೌಂಟರಿನ ಗಾಜಿನ ಲೋಟಗಳು ನಡುಗುತ್ತವೆ. ಬೇಸ್ ನಾಬ್ ಇಳಿಸುವುದು ಒಂದು ದಾರಿ. ಅದಕ್ಕೂ ಮೊದಲು ಆಂಪನ್ನು ಮೂಲೆಯಿಂದ ಈಚೆಗೆ ಎಳೆಯಿರಿ. ಮೂಲೆಯಲ್ಲಿ ನೆಲ ಮತ್ತು ಎರಡು ಗೋಡೆ ಸೇರಿ ಕೆಳಗಿನ ಸ್ವರಗಳನ್ನು ಎತ್ತಿಕೊಡುತ್ತವೆ. 40ರಂಥ ಚಿಕ್ಕ ಆಂಪಿಗೆ ಇದೇ ಉಚಿತವಾಗಿ ಸಿಗುವ ಸಹಾಯ, 500ಕ್ಕೆ ಇದೇ ಶತ್ರು. ಹಲಗೆ ಹೊಡೆದ ಟೊಳ್ಳು ವೇದಿಕೆಯಾದರೆ ಆಂಪಿನ ಕೆಳಗೆ ದಪ್ಪ ಫೋಮ್ ಅಥವಾ ಮಡಿಸಿದ ಯೋಗ ಮ್ಯಾಟ್ ಹಾಕಿ, ಇಲ್ಲದಿದ್ದರೆ ವೇದಿಕೆಯೇ ಡೋಲಾಗುತ್ತದೆ. ನಿಮಗೇ ಕೇಳಿಸುತ್ತಿಲ್ಲ ಅಂದರೆ ವಾಲ್ಯೂಮ್ ಏರಿಸುವ ಮೊದಲು ಆಂಪಿನ ಮುಂಭಾಗಕ್ಕೆ ಒಂದು ಮರದ ತುಂಡು ಕೊಟ್ಟು ಹಿಂದಕ್ಕೆ ವಾಲಿಸಿ. ಮೊಣಕಾಲಿಗೆ ಹೋಗುತ್ತಿದ್ದ ದನಿ ಕಿವಿಗೆ ಬರುತ್ತದೆ.

ಮೂರೂ ರಂಬಲ್‌ಗಳ ಹಿಂದೆ ಎಕ್ಸ್‌ಎಲ್‌ಆರ್ ಲೈನ್-ಔಟ್, ಅಂದರೆ ಮೈಕ್ ಕೇಬಲ್ಲಿನಂಥ ಮೂರು ಪಿನ್ನಿನ ಕೇಬಲ್ ಚುಚ್ಚುವ ಕಿಂಡಿ ಇದೆ. ಅಲ್ಲಿಂದ ಮಿಕ್ಸರಿಗೆ ಕೇಬಲ್ ಕೊಟ್ಟರೆ ಪುಟ್ಟ 40 ಕೂಡ ದೊಡ್ಡ ಸಭೆಯನ್ನು ನಿಭಾಯಿಸುತ್ತದೆ. ಹತ್ತು ಮೀಟರಿನ ಎಕ್ಸ್‌ಎಲ್‌ಆರ್ ಕೇಬಲ್ ನಿಮ್ಮದೇ ಒಯ್ಯಿರಿ. ಸೌಂಡ್ ಚೆಕ್‌ನಲ್ಲಿ ಮಾಸ್ಟರ್ ನಾಬ್ ತಿರುಗಿಸಿ, ಮಿಕ್ಸರಿನ ದೀಪಗಳು ಏರಿಳಿಯುತ್ತವೆಯೇ ನೋಡಿ. ಏರಿಳಿದರೆ ಕಾರ್ಯಕ್ರಮದ ನಡುವೆ ಆ ನಾಬ್ ಮುಟ್ಟಬೇಡಿ. ಮಿಕ್ಸರಿನಲ್ಲಿ ನಿಮ್ಮ ಚಾನೆಲ್ಲಿನ ಲೋ-ಕಟ್ ಬಟನ್ ಒತ್ತಿದೆಯೇ ಅಂತಲೂ ನೋಡಿ. ಯಮಹಾ ಎಂಜಿ ಸಾಲಿನಲ್ಲಿ ಅದು 80 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸುತ್ತದೆ. ಹಿಂದಿನ ಹಾಡುಗಾರರ ಮೈಕಿಗಾಗಿ ಒತ್ತಿದ್ದು ಹಾಗೇ ಉಳಿದಿದ್ದರೆ ಬೇಸ್ ತೆಳ್ಳಗಾಗಿ, ಕಾರಣ ತಿಳಿಯದೆ ಎಲ್ಲರೂ ಆಂಪನ್ನು ಬೈಯುತ್ತಾರೆ. ಸ್ಟ್ಯಾಂಡಿನ ಮೇಲೆ ಬರೀ ಎರಡು ಸ್ಪೀಕರ್ ಇದ್ದು ಸಬ್ ಇಲ್ಲದ ಕಡೆ ಮಾತ್ರ ಅದನ್ನು ಬೇಕೆಂದೇ ಒತ್ತಿ. ಆಳವನ್ನು ಆಂಪ್ ಕೊಡಲಿ, ಸ್ಪಷ್ಟತೆಯನ್ನು ಸ್ಟ್ಯಾಂಡಿನ ಸ್ಪೀಕರುಗಳು ಕೊಡಲಿ; ಹಾಡುವವರ ದನಿಯೂ ಕೆಸರಾಗುವುದಿಲ್ಲ.

ಆಂಪ್ ಒಯ್ಯುವುದೇ ಬೇಡ ಅನ್ನುವವರಿಗೆ ಡಿಐ ಬಾಕ್ಸ್ ಇದೆ; ಬೇಸಿನ ದನಿಯನ್ನು ನೇರವಾಗಿ ಮಿಕ್ಸರಿಗೆ ಕಳಿಸುವ ಪುಟ್ಟ ಡಬ್ಬಿ ಅದು. ಬೆರಿಂಗರ್ ಡಿಐ100, 9 ವೋಲ್ಟ್ ಬ್ಯಾಟರಿಯಲ್ಲೂ ಮಿಕ್ಸರಿನ ಫ್ಯಾಂಟಮ್ ಪವರಿನಲ್ಲೂ (ಕೇಬಲ್ ಮೂಲಕವೇ ಮಿಕ್ಸರ್ ಕೊಡುವ ವಿದ್ಯುತ್ತು) ನಡೆಯುತ್ತದೆ, ಗಟ್ಟಿಮುಟ್ಟು. ಆಂಪಿನ ಬಣ್ಣವೂ ಬೇಕಾದರೆ ಟೆಕ್ 21 ಕಂಪನಿಯ ಸಾನ್ಸ್‌ಆಂಪ್ ಬೇಸ್ ಡ್ರೈವರ್ ಡಿಐ. ಝೂಮ್ ಬಿ1 ಫೋರ್ ಪೆಡಲ್ ನಾಲ್ಕು ಪೆನ್ಸಿಲ್ ಸೆಲ್‌ಗಳಲ್ಲಿ ನಡೆಯುತ್ತದೆ, ಒಳ್ಳೆಯ ದನಿಗಳಿವೆ, ಆದರೆ ಎಕ್ಸ್‌ಎಲ್‌ಆರ್ ಔಟ್ ಇಲ್ಲ. ಮಿಕ್ಸರ್ ದೂರವಿದ್ದರೆ ಅದರ ಮುಂದೆಯೂ ಡಿಐ ಬೇಕಾಗುತ್ತದೆ. ಸಭೆಯ ಸ್ಪೀಕರುಗಳಲ್ಲಿ ಸಬ್ ಇಲ್ಲದಿದ್ದರೆ ಬರೀ ಡಿಐ ನಂಬಿ ಹೋಗಬೇಡಿ.

ಲೈನ್-ಔಟ್ ಹಾಕಿದ ಕೂಡಲೇ ಗುಂಗುಡುವ ಹಮ್ ಬಂದರೆ ಆಂಪ್ ಮತ್ತು ಮಿಕ್ಸರ್ ಬೇರೆ ಬೇರೆ ಪ್ಲಗ್ ಪಾಯಿಂಟಿನ ಅರ್ತ್‌ಗೆ ಸೇರಿವೆ ಅಂತ ಅರ್ಥ. ನಮ್ಮ ಕರೆಂಟಿನ ಹಮ್ 50 ಹರ್ಟ್ಸ್. ಇ ತಂತಿಯ ಮೂರನೇ ಫ್ರೆಟ್‌ನ ಜಿ ಸ್ವರ 49. ಜಿ ಶ್ರುತಿಯ ಹಾಡುಗಳೆಲ್ಲ ಅದರಲ್ಲಿ ಮುಳುಗುತ್ತವೆ. ಆಂಪ್ ಮತ್ತು ಮಿಕ್ಸರನ್ನು ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ತನ್ನಿ. ಆಂಪ್ ಎಷ್ಟೇ ವ್ಯಾಟಿನದಾದರೂ ಈ ಮೂರು ರಂಬಲ್‌ಗಳಿಗೂ ಸಾಮಾನ್ಯ 6 ಆಂಪಿಯರ್ ಪ್ಲಗ್ ಸಾಕು. ಆದರೂ ಹಮ್ ಹೋಗದಿದ್ದರೆ ಗ್ರೌಂಡ್ ಲಿಫ್ಟ್ ಬಟನ್ ಒತ್ತಿ; ಅದು ಲೈನ್-ಔಟ್ ಕೇಬಲ್ಲಿನ ಅರ್ತ್ ಸಂಪರ್ಕವನ್ನಷ್ಟೇ ಬಿಡಿಸುತ್ತದೆ. ಪ್ಲಗ್ಗಿನ ಮೇಲಿನ ದಪ್ಪ ಪಿನ್ ಮುರಿಯುವುದು, ಎರಡು ಪಿನ್ನಿನ ಅಡಾಪ್ಟರ್ ಹಾಕುವುದು ಯಾವತ್ತೂ ಬೇಡ. ಆ ಪಿನ್ ಇಲ್ಲದ ಆಂಪಿನಲ್ಲಿ ಸೋರಿಕೆ ಇದ್ದರೆ ಅದು ತಂತಿಗಳ ಮೂಲಕ ಕೈಗೆ ಬಂದು, ತುಟಿಗೆ ಮೈಕ್ ತಾಗಿದ ಕ್ಷಣ ಎದೆಯ ಮೂಲಕ ಹಾಯುತ್ತದೆ. ಹಳೆಯ ಕಲ್ಯಾಣಮಂಟಪ, ಪೆಂಡಾಲುಗಳಲ್ಲಿ ಸಾಕೆಟ್ಟಿಗೆ ಅರ್ತ್ ಇದೆಯೇ ಅಂತ ಎಲೆಕ್ಟ್ರಿಷಿಯನ್ನರನ್ನು ಕೇಳಿಯೇ ಪ್ಲಗ್ ಹಾಕಿ.

ಮೆಟ್ಟಿಲೇ ದೊಡ್ಡ ತೊಂದರೆಯಾದವರಿಗೆ ಕಾಂಬೊ (ಆಂಪ್, ಸ್ಪೀಕರ್ ಒಂದೇ ಪೆಟ್ಟಿಗೆಯಲ್ಲಿರುವುದು) ಬದಲು ಹೆಡ್ (ಸ್ಪೀಕರಿಲ್ಲದ ಆಂಪ್) ಬೇರೆ, ಸ್ಪೀಕರ್ ಬಾಕ್ಸ್ ಬೇರೆ ಕೊಳ್ಳುವ ದಾರಿಯಿದೆ. ಟ್ರೇಸ್ ಎಲಿಯಟ್ ಎಲ್ಫ್ ಹೆಡ್ ಮುಕ್ಕಾಲು ಕೆಜಿಯೂ ಇಲ್ಲ, ಬೇಸ್ ಬ್ಯಾಗಿನ ಜೇಬಿನಲ್ಲಿ ಕೂರುತ್ತದೆ. 4 ಓಮ್ ಬಾಕ್ಸಿಗೆ 200 ವ್ಯಾಟ್, 8 ಓಮ್‌ಗೆ 130. ಒಂದು 12 ಇಂಚಿನ ಹಗುರ ಬಾಕ್ಸ್ ಜೊತೆಗಿದ್ದರೆ ಭಾರ ಎರಡು ಕೈಗೆ ಹಂಚಿಹೋಗುತ್ತದೆ. ಖರ್ಚು ಮಾತ್ರ ರಂಬಲ್‌ಗಿಂತ ಮೇಲೆ ಹೋಗುತ್ತದೆ.

ಅಮೆರಿಕದಲ್ಲಿರುವ ನೆಂಟರು ಬರುವಾಗ ಆಂಪ್ ತರುತ್ತಾರೆ ಅಂತಿದ್ದರೆ, ಪ್ಯಾಕ್ ಮಾಡುವ ಮೊದಲು ಹಿಂಬದಿಯ ಫೋಟೊ ತರಿಸಿಕೊಳ್ಳಿ. ಪವರ್ ಕಾರ್ಡ್ ಚುಚ್ಚುವ ಜಾಗದ ಪಕ್ಕ '100-240 ವೋಲ್ಟ್' ಅಂತಿದ್ದರೆ ಬರೀ ಕಾರ್ಡ್ ಬದಲಾಯಿಸಿದರೆ ಸಾಕು. ಬರೀ '120 ವೋಲ್ಟ್' ಅಂತಿದ್ದರೆ ನಮ್ಮ 230ಕ್ಕೆ ಚುಚ್ಚಿದ ಕ್ಷಣ ಸುಟ್ಟುಹೋಗುತ್ತದೆ. ಅದಕ್ಕೆ ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕು, ಅದನ್ನೂ ಪ್ರತಿ ಕಾರ್ಯಕ್ರಮಕ್ಕೆ ಆಂಪಿನ ಜೊತೆಗೇ ಹೊರಬೇಕು.