ಟ್ರೇಲ್ ಎಂಡ್: ದನ ಹೊಡೆದುಕೊಂಡು ಬಂದವನ ಅರಮನೆ

ಮೌಂಟ್ ರಶ್ಮೋರ್ ನೋಡಿಕೊಂಡು ಯೆಲ್ಲೋಸ್ಟೋನ್ ಕಡೆ ಹೊರಟವರು ವಯೋಮಿಂಗ್‌ನ ಶೆರಿಡನ್‌ನಲ್ಲಿ ಪೆಟ್ರೋಲ್ ಹಾಕಿಸಿ ಮುಂದೆ ಹೋಗಿಬಿಡುತ್ತಾರೆ. ರ್‍ಯಾಪಿಡ್ ಸಿಟಿಯಿಂದ ಐ-90 ಹೆದ್ದಾರಿ ಹಿಡಿದು ಸುಮಾರು 240 ಮೈಲಿ. ಅಲ್ಲಿ ಒಂದೂವರೆ ಗಂಟೆ ನಿಂತರೆ ಈಗ ಮ್ಯೂಸಿಯಂ ಆಗಿರುವ ಟ್ರೇಲ್ ಎಂಡ್, ಅಂದರೆ ಸೆನೆಟರ್ ಜಾನ್ ಕೆಂಡ್ರಿಕ್‌ನ ಮನೆ ನೋಡಬಹುದು. ಐದಕ್ಕೆ ನಾಲ್ಕು ಅಂಕ. ಉಳಿದ ಒಂದನ್ನು ಏಕೆ ಕಳೆದದ್ದು ಎಂಬುದು ಮುಂದಿದೆ.

ಗೈಡ್‌ಗಾಗಿ ಕಾಯಬೇಕಿಲ್ಲ, ನಿಮ್ಮಷ್ಟಕ್ಕೆ ನೀವೇ ಸುತ್ತಬಹುದು. ಮೊದಲು ಮೇಲಕ್ಕೆ ಹೋಗಿ. ಅವರು ಮೂರನೆಯದು ಎನ್ನುವ, ನಮ್ಮ ಲೆಕ್ಕದಲ್ಲಿ ಎರಡನೆಯದಾದ ಮಹಡಿಯಲ್ಲಿ ನೃತ್ಯಶಾಲೆಯಿದೆ. ವಾದ್ಯದವರು ಕೂರಲೆಂದೇ ಅಲ್ಲೊಂದು ಅಟ್ಟ. ಮೆಟ್ಟಿಲು ಬಹಳ, ಮಂಡಿ ನೋವಿನವರು ನೋಡಿಕೊಂಡು ಹತ್ತಬೇಕು. ಕೆಳಗಿನ ಮಹಾಗನಿ ಮರಗೆಲಸದ ಮುಂದೆ ಎಲ್ಲರೂ ನಿಲ್ಲುತ್ತಾರೆ. ಆದರೆ ಬಿಡಬಾರದ್ದು 1913ರ ಕಾಲದ ಯಂತ್ರಗಳು: ಒಂದು ಕೋಣೆಯಿಂದ ಇನ್ನೊಂದಕ್ಕೆ ಮಾತಾಡುವ ಇಂಟರ್‌ಕಾಮ್, ಮನೆಯೊಳಗೇ ಕೂರಿಸಿದ ವ್ಯಾಕ್ಯೂಮ್ ಕ್ಲೀನರ್. ಯಂತ್ರ ಇದ್ದಲ್ಲೇ ಇರುತ್ತದೆ, ಕೋಣೆಯಿಂದ ಕೋಣೆಗೆ ಒಯ್ಯಬೇಕಾದದ್ದು ಪೈಪನ್ನು ಮಾತ್ರ.

ಕಟ್ಟಲು ಹಿಡಿದದ್ದು 1908ರಿಂದ 1913ರವರೆಗೆ, ಪೀಠೋಪಕರಣ ಸೇರಿ ಖರ್ಚು 1,64,000 ಡಾಲರ್. ಮನೆ ಮುಗಿಯುವವರೆಗೆ ಸಂಸಾರ ಇದ್ದದ್ದು ಪಕ್ಕದ ಗಾಡಿಮನೆಯಲ್ಲಿ. ಈಗ ಅದು ನಾಟಕದ ರಂಗಮಂದಿರ. 1857ರಲ್ಲಿ ಟೆಕ್ಸಾಸ್‌ನಲ್ಲಿ ಹುಟ್ಟಿ, ಅಪ್ಪ ಅಮ್ಮನನ್ನು ಕಳೆದುಕೊಂಡು, 1879ರಲ್ಲಿ ಕೂಲಿಗೆ ದನದ ಹಿಂಡು ಹೊಡೆದುಕೊಂಡು ಉತ್ತರಕ್ಕೆ ಬಂದ ಹುಡುಗ ಕೊನೆಗೆ 2 ಲಕ್ಷ ಎಕರೆಗೂ ಮೀರಿ ಹುಲ್ಲುಗಾವಲು ಕೂಡಿಹಾಕಿದ. ದಾರಿಯ ಕೊನೆ ಎಂಬ ಅರ್ಥದ ಹೆಸರಿಟ್ಟು ಮನೆ ಕಟ್ಟಿಸಿದವನಿಗೆ ಅಲ್ಲಿ ನೆಲೆ ನಿಲ್ಲಲು ಆಗಲಿಲ್ಲ. ಆಗಲೇ ರಾಜ್ಯ ಸೆನೆಟ್‌ನಲ್ಲಿದ್ದ. 1915ರಲ್ಲಿ ರಾಜ್ಯಪಾಲನಾಗಿ ರಾಜಧಾನಿ ಶಾಯೆನ್‌ಗೆ, 1917ರಲ್ಲಿ ಅಮೆರಿಕದ ಸೆನೆಟ್‌ಗೆಂದು ವಾಷಿಂಗ್ಟನ್‌ಗೆ ಹೋದ. ಅಷ್ಟು ದೊಡ್ಡ ಮನೆ ಬೇಸಿಗೆಯ ಬಿಡಾರವಾಯಿತು. ಅಲ್ಲಿನ ರಾಜ್ಯಪಾಲ ಜನರಿಂದ ಚುನಾಯಿತ, ನಮ್ಮ ಮುಖ್ಯಮಂತ್ರಿ ಇದ್ದಂತೆ ಎಂದು ಮಕ್ಕಳಿಗೆ ಮೊದಲೇ ಹೇಳಿಟ್ಟರೆ ಒಳ್ಳೆಯದು.

ಅಂಕ ಕಳೆದದ್ದು ಇಲ್ಲಿ. ಇದು ಮನೆವಾರ್ತೆಯ ಮ್ಯೂಸಿಯಂ: ಅಡುಗೆ, ಔತಣ, ಆಳುಕಾಳು ಎಲ್ಲ ಕಣ್ಣಿಗೆ ಕಟ್ಟುತ್ತದೆ. ಆ ದುಡ್ಡು ಹುಟ್ಟಿದ ಓಡಬ್ಲ್ಯೂ ರ್‍ಯಾಂಚ್ ಮಾತ್ರ ಗಡಿಯಾಚೆ ಮೊಂಟಾನಾದಲ್ಲಿದೆ, ರಾಜಕೀಯ ನಡೆದದ್ದು ವಾಷಿಂಗ್ಟನ್‌ನಲ್ಲಿ. ಹಾಗಾಗಿ ಟೀಪಾಟ್ ಡೋಮ್ ಪ್ರಕರಣವನ್ನು ಓದಿಕೊಂಡು ಹೋಗಿ. ನೌಕಾಪಡೆಗೆಂದು ಮೀಸಲಿಟ್ಟ ಆ ಹೆಸರಿನ ಎಣ್ಣೆನೆಲವನ್ನು ಒಳಾಡಳಿತ ಕಾರ್ಯದರ್ಶಿ (ನಮ್ಮ ಕೇಂದ್ರ ಮಂತ್ರಿ ಇದ್ದಂತೆ) ಆಲ್ಬರ್ಟ್ ಫಾಲ್ ಹರಾಜಿಲ್ಲದೆ ಗುಟ್ಟಾಗಿ ಗುತ್ತಿಗೆ ಕೊಟ್ಟಿದ್ದ. 1922ರ ಏಪ್ರಿಲ್‌ನಲ್ಲಿ ಅದರ ವಿವರ ಕೇಳಿ ಸೆನೆಟ್‌ನಲ್ಲಿ ನಿರ್ಣಯ ಮಂಡಿಸಿದವನೇ ಕೆಂಡ್ರಿಕ್. ತನಿಖೆ ಮುಂದೆ ನಡೆಸಿದ ಹೆಸರು ಮೊಂಟಾನಾದ ಸೆನೆಟರ್ ವಾಲ್ಶ್‌ನದು; ಫಾಲ್ ಜೈಲು ಸೇರಿದ. ಇಷ್ಟು ತಿಳಿದಿದ್ದರೆ ಲೈಬ್ರರಿ ಕೋಣೆ ಬೇರೆಯೇ ಕಾಣುತ್ತದೆ.

ಚಳಿಗಾಲದಲ್ಲಿ ಮ್ಯೂಸಿಯಂ ಮುಚ್ಚಿರುತ್ತದೆ, ಸಮಯವೂ ಋತುವಿಗೆ ತಕ್ಕಂತೆ ಬದಲು. ಹೊರಡುವ ಮುನ್ನ ವಿಚಾರಿಸಿ. ಹೊರರಾಜ್ಯದವರಿಗೆ ಟಿಕೆಟ್ ದರ ತುಸು ಹೆಚ್ಚು. ಮಕ್ಕಳು ಬೇಸರಪಟ್ಟರೆ ಹತ್ತಿರದ ಕೆಂಡ್ರಿಕ್ ಪಾರ್ಕ್‌ನಲ್ಲಿ ಬೇಲಿಯಾಚೆ ಕಾಡೆಮ್ಮೆಗಳಿವೆ.